ಮಗಳು ಬಿಟ್ಟುಕೊಟ್ಟ ಮಾತು

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀವು ಮನಸ್ಸಿನಲ್ಲೇ ಅಂದುಕೊಳ್ಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನನ್ನ ಮಗಳು ಹೆಗ್ಗಣವಲ್ಲ. ನಾನು ಪರದೆ ಬಟ್ಟೆಯ ಅಂಚು ಮಡಿಸುವಷ್ಟು ಸಲೀಸಾಗಿ ಅವಳು ಹಳೆಯ ಗ್ರೀಕ್ ಓದುತ್ತಾಳೆ. ಇದನ್ನು ನನ್ನ ಹೊಲಿಗೆ ಅಂಗಡಿಗೆ ಬರುವ ಗಿರಾಕಿಗಳಿಗೆಲ್ಲ ಹೇಳಿದ್ದೇನೆ. ಅಳತೆ ಕೊಡಲು ಕೈಯೆತ್ತಿ ನಿಂತವರು ಓಡಿಹೋಗುವಂತಿಲ್ಲವಲ್ಲ, ಪೂರ್ತಿ ಕೇಳುತ್ತಾರೆ. ಕೆಲವರು ಅದರಿಂದ ಏನು ಉಪಯೋಗ ಎನ್ನುತ್ತಾರೆ. ಅಂಥವರ ಬಟ್ಟೆ ಒಂದು ವಾರ ತಡವಾಗುತ್ತದೆ.

ಧರ್ಮಗ್ರಂಥವನ್ನು ನಮ್ಮ ಮಾತಿಗೆ ಹೊಸದಾಗಿ ತರುತ್ತಿದ್ದ ಕಚೇರಿಯಲ್ಲಿ ಅವಳಿಗೆ ಕೆಲಸ. ಹಳೆಯ ಅನುವಾದ ನಮ್ಮ ಅಜ್ಜಂದಿರ ಕಾಲದ್ದು. ಅರ್ಧ ಅರ್ಥವಾಗುತ್ತದೆ, ಇನ್ನರ್ಧಕ್ಕೆ ತಲೆ ಬಾಗಿಸಿ ಕೂರುತ್ತೇವೆ. ಕಚೇರಿಯಲ್ಲಿ ಅನುವಾದಕರು ನಾಲ್ಕೈದು ಜನ, ಎಲ್ಲರ ಮೇಲೆ ದೊಡ್ಡ ಮೇಷ್ಟ್ರು. ಮಗಳಿಗೆ ಗ್ರೀಕ್ ಕಲಿಸಿದವರೂ ಅವರೇ. ಮೂಗಿನ ತುದಿಯಲ್ಲೇ ಸಿಟ್ಟು, ಆದರೆ ನ್ಯಾಯಸ್ಥರು. ನನ್ನದೂ ಅದೇ ಜಾತಿಯ ಮೂಗಾದ್ದರಿಂದ ನಮ್ಮಿಬ್ಬರಿಗೆ ಅಷ್ಟಾಗಿ ಆಗುತ್ತಿರಲಿಲ್ಲ.

ಅವಳು ಆ ಭಾಷೆಯ ಬೆನ್ನು ಹತ್ತಿದ್ದು ಅಪ್ಪನಿಗಾಗಿ. ಆ ಕಥೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಮ್ಮವರು ಲಿಫ್ಟ್ ಮೆಕ್ಯಾನಿಕ್. ಆ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಲಿಫ್ಟು ಓಡಾಡುವ ಬಾವಿಗೆ ಇಳಿಯುವವನು ಮೊದಲು ಮೇನ್ ಸ್ವಿಚ್ ಆರಿಸಿ, ಅದಕ್ಕೆ ತನ್ನದೇ ಬೀಗ ಹಾಕಬೇಕು. ಬೀಗದ ಮೇಲೆ ಅವನ ಗುರುತು, ಕೀಲಿ ಅವನ ಜೇಬಿನಲ್ಲಿ. ಹಾಕಿದವನೇ ಬಂದು ತೆಗೆಯಬೇಕು. ಕಟ್ಟಡದ ಮಾಲೀಕನೇ ಎದುರು ನಿಂತರೂ ಬೇರೆಯವರು ಮುಟ್ಟುವಂತಿಲ್ಲ. ನಮ್ಮವರ ಜೊತೆ ಕೆಲಸ ಮಾಡುತ್ತಿದ್ದವನೊಬ್ಬನಿದ್ದ, ವಯಸ್ಸಿನಲ್ಲಿ ಚಿಕ್ಕವನು. ಕೆಲಸ ಮುಗಿದ ಮೇಲೆ ಬೀಗವನ್ನು ಅಲ್ಲೇ ಬಿಟ್ಟು ಚಹಾ ಕುಡಿಯಲು ಹೋಗಿಬಿಡುವುದು ಅವನ ಚಾಳಿ. ಅದಕ್ಕೇ ಎಲ್ಲರೂ ಅವನನ್ನು ಮರೆಗುಳಿ ಎನ್ನುತ್ತಿದ್ದರು. ಅವನು ಬಿಟ್ಟುಹೋದ ಬೀಗಗಳಿಗೆಂದೇ ಹಿರಿಯರಾದ ನಮ್ಮವರ ಹತ್ತಿರ ಇನ್ನೊಂದು ಕೀಲಿ ಇರುತ್ತಿತ್ತು.

ಒಂದು ದಿನ ಒಂದು ದೊಡ್ಡ ಕಟ್ಟಡದಲ್ಲಿ ಜನ ಲಿಫ್ಟಿಗಾಗಿ ಗುಂಪುಗಟ್ಟಿ ಕೂಗಾಡುತ್ತಿದ್ದರು. ನಮ್ಮವರು ಮೇಲೆ ಮೆಷಿನ್ ರೂಮಿಗೆ ಹೋಗಿ ನೋಡಿದರೆ ಸ್ವಿಚ್ಚಿನ ಮೇಲೆ ಮರೆಗುಳಿಯ ಬೀಗ. ಬಾವಿಯೊಳಗೆ ಬಗ್ಗಿ ಕೂಗಿದರು, ಉತ್ತರವಿಲ್ಲ. ಎಂದಿನಂತೆ ಮರೆತು ಹೋಗಿದ್ದಾನೆ ಎಂದುಕೊಂಡು ತಮ್ಮ ಕೀಲಿಯಿಂದ ಬೀಗ ತೆಗೆದು ಸ್ವಿಚ್ ಹಾಕಿದರು. ಮರೆಗುಳಿ ತಳದಲ್ಲೇ ಇದ್ದ. ತುಂಬಿದ್ದ ನೀರನ್ನು ಪಂಪಿನಿಂದ ಹೊರಹಾಕುತ್ತಿದ್ದ. ಆ ಸದ್ದಿನಲ್ಲಿ ಕೂಗು ಕೇಳಿಸಿರಲಿಲ್ಲ. ಲಿಫ್ಟು ಮೇಲೆ ಹೋಗುವಾಗ ಹಗ್ಗದ ಇನ್ನೊಂದು ತುದಿಗೆ ಕಟ್ಟಿದ ಜೋಡಿ ಭಾರ ಕೆಳಗಿಳಿಯುತ್ತದೆ. ಅದು ಅವನ ಕಾಲಿನ ಮೇಲೆ ಇಳಿಯಿತು. ಮೊಣಕಾಲಿನ ಕೆಳಗೆ ಏನೂ ಉಳಿಯಲಿಲ್ಲ.

ವಿಚಾರಣೆ ನಡೆಯಿತು. ಕೂಗಿದಾಗ ಓಗೊಡದಿದ್ದದ್ದು ಕೆಳಗಿದ್ದವನ ತಪ್ಪು, ಬೀಗ ಮರೆಯುವ ಚಾಳಿ ಅವನಿಗೆ ಮೊದಲಿನಿಂದಲೂ ಇತ್ತು, ಅವತ್ತೂ ಹಾಕಿರಲಿಕ್ಕಿಲ್ಲ ಎಂದು ಕಂಪನಿಯವರು ತೀರ್ಮಾನಿಸಿದರು. ನಮ್ಮವರು ನಿರಪರಾಧಿ. ಮರೆಗುಳಿಯನ್ನು ಉಗ್ರಾಣದಲ್ಲಿ ಕೂತು ಮಾಡುವ ಕೆಲಸಕ್ಕೆ ಹಾಕಿದರು. ನಮ್ಮವರು ಆಸ್ಪತ್ರೆಗೂ ಹೋಗಲಿಲ್ಲ, ಆಮೇಲೆ ಅವನ ಮನೆಗೂ ಹೋಗಲಿಲ್ಲ. ಹೋಗಿ ಬನ್ನಿ ಎಂದು ನಾನು ಹೇಳಿದಾಗಲೆಲ್ಲ ಒಂದೇ ಉತ್ತರ: "ಯಾವ ಮುಖ ಇಟ್ಕೊಂಡು ಹೋಗ್ಲಿ?"

ಇದ್ದ ಮುಖವನ್ನು ಅವರು ಚರ್ಚಿನ ಕೊನೆಯ ಬೆಂಚಿಗೆ ಒಯ್ದು ಕೂರಿಸಿದರು. ಭಾನುವಾರ ಎಲ್ಲರೂ ಎದ್ದು, ಒಡೆಯನ ದೇಹ, ರಕ್ತ ಎಂದು ಕೊಡುವ ರೊಟ್ಟಿ, ದ್ರಾಕ್ಷಾರಸದ ಬಟ್ಟಲು ತೆಗೆದುಕೊಳ್ಳಲು ಮುಂದೆ ಹೋದರೆ ಇವರು ಮಾತ್ರ ಏಳುತ್ತಿರಲಿಲ್ಲ. ಮಗಳಾಗ ಚಿಕ್ಕವಳು. ಯಾಕಪ್ಪಾ ಎಂದು ಕೇಳಿದ್ದಕ್ಕೆ ಹಳೆಯ ಗ್ರಂಥ ತೆರೆದು ಬೆರಳಿಟ್ಟು ತೋರಿಸಿದರು. ಯೋಗ್ಯತೆಯಿಲ್ಲದೆ ಆ ರೊಟ್ಟಿ ತಿಂದವನು ಒಡೆಯನ ದೇಹಕ್ಕೂ ರಕ್ತಕ್ಕೂ ಅಪರಾಧಿ ಎನ್ನುವ ಮಾತು ಅಲ್ಲಿತ್ತು. "ಈಗಾಗ್ಲೇ ಒಂದು ದೇಹಕ್ಕೆ ಅಪರಾಧಿ ಆಗಿದ್ದೀನಿ ಪುಟ್ಟಿ, ಇನ್ನೊಂದಕ್ಕೆ ಯಾಕೆ?" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇನೆ. ಹೆಗಲನ್ನೇ ಕಾಯಿ ಮಾಡಿಕೊಂಡವರು ಇವರೊಬ್ಬರೇ.

"ಅದು ಮೊದಲು ಯಾವ ಭಾಷೇಲಿ ಬರೆದಿದ್ದು?" ಎಂದು ಮಗಳು ಕೇಳಿದಳು. ಗ್ರೀಕ್ ಎಂದರು. "ಹಾಗಾದ್ರೆ ಅಲ್ಲಿ ಏನಿದೆ ಅಂತ ನಾನೇ ನೋಡ್ತೀನಿ" ಎಂದಳು. ಮಕ್ಕಳು ಹೀಗೆ ಎಷ್ಟೋ ಹೇಳುತ್ತಾರೆ. ಇವಳು ಹೇಳಿದ್ದನ್ನು ಮಾಡಿದಳು. ನನಗೆ ಜಂಬ ಬರದೆ ಇನ್ನೇನು ಬರಬೇಕು?

ಆ ವಚನವಿದ್ದ ಭಾಗ ಅನುವಾದಕ್ಕೆ ಬಂದಾಗ ಅವಳೇ ಕೇಳಿ ತೆಗೆದುಕೊಂಡಳು. ಒಂದು ಸಂಜೆ ತಟ್ಟೆ ಒರೆಸುತ್ತಾ ನನಗೆ ಎಲ್ಲವನ್ನೂ ಬಿಡಿಸಿ ಹೇಳಿದಳು.

"ಅಪರಾಧಿ ಅಂತ ಇರೋ ಕಡೆ ಗ್ರೀಕಿನಲ್ಲಿ ಎನೊಖೊಸ್ ಅಂತ ಇದೆ, ಅಮ್ಮ. ಎನ್ ಅಂದ್ರೆ ಒಳಗೆ. ಇನ್ನರ್ಧ, ಹಿಡಿಯೋದು ಅನ್ನೋ ಮಾತಿನಿಂದ ಬಂದಿದ್ದು. ಯಾವುದೋ ಒಂದರ ಹಿಡಿತದ ಒಳಗೆ ಇರೋನು. ಕೋರ್ಟಿನಲ್ಲೂ ಇದೇ ಮಾತು ಬಳಸ್ತಿದ್ರು. ಕಾನೂನು ಇವನನ್ನ ಹಿಡಿದಿದೆ, ಕರೆದಾಗ ಬಂದು ಉತ್ತರ ಹೇಳ್ಬೇಕು ಅಂತ."

"ಹಿಡಿದ್ರು ಅಂದ್ರೆ ತಪ್ಪು ಮಾಡಿದ್ದಾನೆ ಅಂತ್ಲೇ ಅಲ್ವೇ?"

"ಯಾವಾಗಲೂ ಅಲ್ಲ. ಸಾವಿನ ಭಯದಿಂದ ಜೀವಮಾನವಿಡೀ ಗುಲಾಮರ ಹಾಗೆ ಬದುಕಿದವರಿಗೂ ಗ್ರಂಥದಲ್ಲಿ ಇದೇ ಮಾತು ಇದೆ. ಅವರನ್ನ ಅಪರಾಧಿಗಳು ಅಂದ್ರೆ ಅರ್ಥವೇ ಕೆಟ್ಟುಹೋಗುತ್ತೆ. ಅವರು ಸಿಕ್ಕಿಕೊಂಡವರು, ಅಷ್ಟೇ. ಎನೊಖೊಸ್ ಅನ್ನೋದು ಹಣೆ ಮೇಲಿನ ಮುದ್ರೆ ಅಲ್ಲಮ್ಮ. ಹಿಡಿದದ್ದನ್ನ ಬಿಡಿಸಬಹುದು."

ಕೊನೆಯ ಮಾತು ಹೇಳುವಾಗ ಅವಳು ತಟ್ಟೆಯನ್ನು ನೋಡುತ್ತಿರಲಿಲ್ಲ. ಹೊರಗಿನ ಕೋಣೆಯಲ್ಲಿ ಸ್ಪ್ಯಾನರ್ ಒರೆಸುತ್ತಾ ಕೂತಿದ್ದ ಅಪ್ಪನನ್ನು ನೋಡುತ್ತಿದ್ದಳು. ಈ ಪದ ಅಚ್ಚಿಗೆ ಹೋಗಬೇಕು, ಚರ್ಚಿನಲ್ಲಿ ಗಟ್ಟಿಯಾಗಿ ಓದಬೇಕು, ಅಪ್ಪ ಕೊನೆಯ ಬೆಂಚಿನಿಂದ ಏಳಬೇಕು. ಅವಳಿಗೆ ಬೇಕಾಗಿದ್ದು ಅದು. ನನಗೂ ಅದೇ ಬೇಕಾಗಿತ್ತು.

ಆದರೆ ಆ ಕಚೇರಿಯಲ್ಲಿ ಬರೆದ ತಕ್ಷಣ ಅಚ್ಚಿಗೆ ಹೋಗುವುದಿಲ್ಲ. ಹೊರಗಿನ ಯಾರನ್ನಾದರೂ ಕರೆತಂದು ಕುರ್ಚಿಯಲ್ಲಿ ಕೂರಿಸಿ, ಬರೆದದ್ದನ್ನು ಒಂದೇ ಸಲ ಓದುತ್ತಾರೆ. ಕೇಳಿದವರು ತಮಗೆ ತಿಳಿದಂತೆ ಅದನ್ನು ತಿರುಗಿ ಹೇಳಬೇಕು. ಅಷ್ಟು ಹೊತ್ತೂ ಬರೆದವರು ತುಟಿ ಪಿಟಕ್ಕೆನ್ನಬಾರದು. ಕೇಳುವವರು ಬರೆದವರಿಗೆ ನೆಂಟರಾಗಿರಬಾರದು. ಇನ್ನೂ ಒಂದು ಕಟ್ಟಳೆ ಉಂಟು: ಯಾವ ವಚನದಲ್ಲಿ ನಿಮ್ಮ ಸ್ವಂತ ವ್ಯಾಜ್ಯವಿದೆಯೋ ಅದನ್ನು ನೀವು ಬರೆಯಬಾರದು, ಬೇರೆಯವರಿಗೆ ಬಿಟ್ಟುಕೊಡಬೇಕು. ಸ್ವಂತ ಹೊಟ್ಟೆನೋವಿಗೆ ಗ್ರಂಥದಲ್ಲಿ ಮದ್ದು ಬೆರೆಸಬಾರದು ಎಂದು ದೊಡ್ಡ ಮೇಷ್ಟ್ರು ಹೇಳುತ್ತಿದ್ದರಂತೆ. ಮಗಳು ಈ ಕೊನೆಯ ಕಟ್ಟಳೆಯನ್ನು ನನಗೆ ಹೇಳಿದ್ದಳು, ಮೇಷ್ಟ್ರಿಗೆ ಮಾತ್ರ ಮನೆಯ ವಿಷಯ ಹೇಳಿರಲಿಲ್ಲ.

ಅವಳ ಭಾಗವನ್ನು ಓದುವ ದಿನ ಮನೆಯವರು ಬಂದು ಹಿಂದೆ ಕೂರಬಹುದಿತ್ತು. ನಮ್ಮವರು ಬರುವುದಿಲ್ಲ ಎಂದರು. ನಾನು ಒಳ್ಳೆಯ ಬಟ್ಟೆ ಉಟ್ಟು ಹೊರಟೆ. "ಅಮ್ಮ, ನೀನು ಬಾಯಿ ಬಿಡಬಾರದು" ಎಂದು ಮಗಳು ದಾರಿಯುದ್ದಕ್ಕೂ ಹೇಳಿದಳು. ನಾನು ಅಂಥವಳಲ್ಲ ಎಂದೆ. ಅವಳು ಪುನಃ ಹೇಳಿದಳು.

ಐದನೆಯ ಮಹಡಿಯ ಕೋಣೆ. ಗೋಡೆಯ ತುಂಬ ಪುಸ್ತಕ, ನಡುವೆ ಉದ್ದನೆಯ ಮೇಜು, ಕೇಳುವವರಿಗೆ ಬೆನ್ನು ನೆಟ್ಟಗಿನ ಒಂದು ಮರದ ಕುರ್ಚಿ. ಕೇಳಲು ಬರಬೇಕಿದ್ದ ಬೇಕರಿಯವನು ಜ್ವರವೆಂದು ಹೇಳಿಕಳಿಸಿದ್ದ. ದೊಡ್ಡ ಮೇಷ್ಟ್ರೂ ಬಂದಿರಲಿಲ್ಲ. ಎಲ್ಲಿದ್ದಾರೆ ಎಂದು ಹುಡುಕಿದರೆ ಲಿಫ್ಟಿನ ಬಾವಿಯೊಳಗಿಂದ ಬೈಗುಳ ಕೇಳಿಸಿತು. ಮೇಷ್ಟ್ರು ನಡುದಾರಿಯಲ್ಲಿ, ಎರಡು ಮಹಡಿಗಳ ಮಧ್ಯೆ ಸಿಕ್ಕಿಕೊಂಡಿದ್ದರು.

ಆ ಲಿಫ್ಟನ್ನು ನೋಡಿಕೊಳ್ಳುವುದು ನಮ್ಮವರ ಕಂಪನಿಯೇ. ಫೋನು ಹೋಯಿತು, ಸ್ವಲ್ಪ ಹೊತ್ತಿಗೆ ಚೀಲ ಹೆಗಲಿಗೇರಿಸಿಕೊಂಡು ನಮ್ಮವರೇ ಬಂದರು. ನನ್ನನ್ನು ನೋಡಿ ತಲೆಯಾಡಿಸಿದರು, ಅಷ್ಟೇ. ಕೆಲಸದ ಮೇಲಿದ್ದಾಗ ಹೆಂಡತಿಯೂ ಗಿರಾಕಿಯೇ. ಸ್ವಿಚ್ ಆರಿಸಿ, ತಮ್ಮ ಬೀಗ ಹಾಕಿ, ಎಳೆದು ನೋಡಿ, ಮತ್ತೆ ಎಳೆದು ನೋಡಿ, ಕೈಯಿಂದ ಚಕ್ರ ತಿರುಗಿಸಿ ಮೇಷ್ಟ್ರನ್ನು ನಿಧಾನವಾಗಿ ನಮ್ಮ ಮಹಡಿಗೆ ತಂದು ಬಾಗಿಲು ತೆರೆದರು. ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದರು.

"ಎನೊಖೊಸ್ ಅಂದ್ರೆ ಏನು ಅಂತ ಇವತ್ತು ಚೆನ್ನಾಗಿ ತಿಳೀತು" ಎಂದರು. "ನೀವು ಪುಣ್ಯಾತ್ಮರು. ಹತ್ತು ನಿಮಿಷ ಇದೆಯಾ? ಒಂದು ಮಾತು ಕೇಳಿ ತಿರುಗಿ ಹೇಳ್ಬೇಕು. ಬನ್ನಿ, ಕೂತ್ಕೊಳ್ಳಿ."

ಮಗಳು ಎದ್ದು ಬಾಯಿ ತೆರೆದಳು. ಮೇಷ್ಟ್ರು ಬೆರಳೆತ್ತಿದರು. "ಬರೆದವರು ಮಾತಾಡೋ ಹಾಗಿಲ್ಲ. ಇಷ್ಟು ವರ್ಷ ಆದ್ರೂ ನಾನು ಹೇಳ್ಬೇಕಾ?" ಅವಳು ಕೂತಳು. ನಮ್ಮವರನ್ನು ಮೇಷ್ಟ್ರು ಅದುವರೆಗೆ ನೋಡಿರಲಿಲ್ಲ. ಇವರು ಅವಳಿಗೆ ಯಾರು ಎಂದು ಹೇಳಬಹುದಾಗಿದ್ದ ಇನ್ನೊಬ್ಬಳು ನಾನು. ಬಾಯಿ ಬಿಡಬಾರದೆಂದು ದಾರಿಯುದ್ದಕ್ಕೂ ಹೇಳಿಸಿಕೊಂಡು ಬಂದಿದ್ದೆ. ಜೀವಮಾನದಲ್ಲಿ ಒಮ್ಮೆ ಹೇಳಿದ ಮಾತು ಕೇಳೋಣ ಎಂದು ಸುಮ್ಮನೆ ಕೂತೆ. ನಮ್ಮವರಿಗೆ ಆ ಕಟ್ಟಳೆಗಳೊಂದೂ ಗೊತ್ತಿರಲಿಲ್ಲ. ಗ್ರೀಸು ಹತ್ತಿದ ಕೈಯನ್ನು ತೊಡೆಗೆ ಒರೆಸಿಕೊಂಡು ಕುರ್ಚಿಯ ತುದಿಯಲ್ಲಿ ಕೂತರು.

ಒಬ್ಬರು ಓದಿದರು. "ಯೋಗ್ಯವಲ್ಲದ ರೀತಿಯಲ್ಲಿ ಆ ರೊಟ್ಟಿಯನ್ನು ತಿಂದವನು, ಆ ಬಟ್ಟಲಿನಿಂದ ಕುಡಿದವನು, ಒಡೆಯನ ದೇಹದ ಮತ್ತು ರಕ್ತದ ಹಿಡಿತಕ್ಕೆ ಒಳಗಾಗಿದ್ದಾನೆ, ಅವುಗಳಿಗೆ ಅವನು ಉತ್ತರ ಹೇಳಬೇಕು. ಪ್ರತಿಯೊಬ್ಬನೂ ತನ್ನನ್ನು ತಾನು ಪರೀಕ್ಷಿಸಿಕೊಳ್ಳಲಿ, ಆಮೇಲೆ ತಿನ್ನಲಿ."

ನಾನು ನಮ್ಮವರ ಮುಖ ನೋಡಿದೆ. ಯಾವ ವಚನವೆಂದು ಅವರಿಗೆ ಮೊದಲ ಅರ್ಧದಲ್ಲೇ ತಿಳಿದಿತ್ತು. ತುಂಬ ಹೊತ್ತು ನೆಲ ನೋಡುತ್ತಾ ಕೂತರು. ಮೇಷ್ಟ್ರು ಅವಸರ ಮಾಡಲಿಲ್ಲ, ಅಷ್ಟರ ಮಟ್ಟಿಗೆ ಅವರು ದೊಡ್ಡವರು.

"ಮೊದಲು ಅಪರಾಧಿ ಅಂತ ಇತ್ತು" ಎಂದರು ನಮ್ಮವರು. "ಅದು ಸುಲಭ. ಅಪರಾಧಿ ಅಂದ್ಮೇಲೆ ಮುಗೀತು, ಮೂಲೇಲಿ ಹೋಗಿ ಕೂತ್ಕೋಬಹುದು. ಯಾರೂ ಏನೂ ಕೇಳಲ್ಲ. ಇದು ಹಾಗಿಲ್ಲ. ಇದು ಕೂತ್ಕೊಳ್ಳೋಕೆ ಬಿಡಲ್ಲ. ಒಂದು ದೇಹ ನಿನ್ನನ್ನ ಹಿಡ್ಕೊಂಡಿದೆ, ಅದರ ಎದುರಿಗೆ ಹೋಗಿ ನಿಂತು ಉತ್ತರ ಹೇಳು, ಆಮೇಲೆ ಬಂದು ತಿನ್ನು ಅಂತಿದೆ." ತಲೆಯೆತ್ತಿ ಹೇಳಿದರು. "ತಿನ್ನಬೇಡ ಅಂತ ಎಲ್ಲೂ ಇಲ್ಲ."

ಮಗಳು ಅಪ್ಪನನ್ನು ಬಿಡಿಸಲು ಆ ಮಾತನ್ನು ಬರೆದಿದ್ದಳು. ಅದು ಅವರನ್ನು ಇನ್ನೂ ಬಿಗಿಯಾಗಿ ಹಿಡಿದಿತ್ತು. ಅವಳ ಮುಖ ಬಿಳುಚಿಕೊಂಡಿತು.

ದೊಡ್ಡ ಮೇಷ್ಟ್ರ ಮುಖ ಮಾತ್ರ ಮೊರದಗಲವಾಗಿತ್ತು. "ನೋಡಿದ್ರಾ? ಪದ ಕೆಲಸ ಮಾಡಿದೆ. ಇದನ್ನ ಇಟ್ಕೊಳ್ಳೋಣ. ಯಾರದೂ ಆಕ್ಷೇಪ ಇಲ್ವಲ್ಲ?" ಎಂದು ಮೇಜಿನ ಸುತ್ತ ನೋಡಿದರು. ಎಲ್ಲರೂ ತಲೆಯಾಡಿಸಿದರು. ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಅವಳಿಷ್ಟು ವರ್ಷ ಪಟ್ಟ ಪಾಡು ಆ ಕ್ಷಣಕ್ಕೆ ಕೈಗೂಡಿತ್ತು.

ಆಗ ಮಗಳು ಎದ್ದು ನಿಂತಳು.

"ನನ್ನದಿದೆ, ಮೇಷ್ಟ್ರೇ" ಎಂದಳು. "ಕೇಳಿದವರು ನಮ್ಮಪ್ಪ. ಅವರು ಕೇಳಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ. ಅದು ಸಣ್ಣದು, ಬೇರೆ ಯಾರನ್ನಾದ್ರೂ ಕರೆದು ಕೂರಿಸಬಹುದು. ದೊಡ್ಡದು ಬೇರೆ ಇದೆ. ಈ ವಚನದಲ್ಲಿ ನಮ್ಮ ಮನೆ ವ್ಯಾಜ್ಯ ಇದೆ. ಅಪ್ಪ ಇದರಿಂದಾಗಿ ರೊಟ್ಟಿ ಮುಟ್ಟದೆ ಕೂತಿದ್ದಾರೆ. ಅವರಿಗೋಸ್ಕರ ನಾನು ಇದನ್ನ ಕೇಳಿ ತಗೊಂಡೆ, ನಿಮಗೆ ಹೇಳ್ಲಿಲ್ಲ. ನಾನು ಬರೀಬಾರದಿತ್ತು. ಬೇರೆಯವರಿಗೆ ಕೊಡಿ."

ಮೇಷ್ಟ್ರು ಕನ್ನಡಕ ತೆಗೆದರು. "ಸುಮ್ಮನಿದ್ದಿದ್ರೆ ನಿನ್ನ ಪದ ಉಳೀತಿತ್ತು. ತಪ್ಪು ಅರ್ಥವೇನೂ ಅಲ್ಲ ಅದು."

"ಅರ್ಥ ತಪ್ಪಲ್ಲ, ಮೇಷ್ಟ್ರೇ. ಆದ್ರೆ ಕೇಳಿದಾಗ ಉತ್ತರ ಹೇಳ್ಬೇಕಲ್ಲ."

ನನಗೆ ಮೊದಲು ಬಂದದ್ದು ಸಿಟ್ಟು, ಮುಚ್ಚುವುದೇಕೆ. ಇಷ್ಟು ಓದಿ ಬಾಯಿಗೆ ಬಂದ ತುತ್ತನ್ನು ಕೆಳಗೆ ಹಾಕಿದಳಲ್ಲ ಎಂದು ಹಲ್ಲು ಕಡಿದೆ. ಆಮೇಲೆ ಅವಳು ನಿಂತ ರೀತಿ ಕಣ್ಣಿಗೆ ಬಿತ್ತು. ತಲೆ ತಗ್ಗಿಸಿರಲಿಲ್ಲ, ಅಳುತ್ತಲೂ ಇರಲಿಲ್ಲ. ನಾನು ಹೊಲಿದುಕೊಟ್ಟ ಅಂಗಿ ತೊಟ್ಟು, ತನ್ನ ಮೇಷ್ಟ್ರ ಕಣ್ಣಿಗೆ ಕಣ್ಣು ಕೊಟ್ಟು ನಿಂತಿದ್ದಳು. ಇವಳು ನನ್ನ ಮಗಳು ಎಂದು ಕಿಟಕಿ ತೆಗೆದು ಬೀದಿಗೆಲ್ಲ ಕೇಳುವಂತೆ ಕೂಗಬೇಕೆನ್ನಿಸಿತು. ಬಾಯಿ ಬಿಡಬಾರದೆಂದು ಹೇಳಿದ್ದಳಾದ್ದರಿಂದ ಸುಮ್ಮನಿದ್ದೆ. ಮೇಷ್ಟ್ರು ಆ ಹಾಳೆಯನ್ನು ಪಕ್ಕದವರ ಕಡೆ ಸರಿಸಿದರು. ಕೆಲಸದಿಂದ ತೆಗೆಯಲಿಲ್ಲ, ಗದರಲೂ ಇಲ್ಲ. "ಮುಂದಿನ ಅಧ್ಯಾಯ ನಿನ್ನದು" ಎಂದಷ್ಟೇ ಹೇಳಿದರು. ಅಂದಿನಿಂದ ಆ ಮನುಷ್ಯನನ್ನು ನಾನು ಬೈದಿಲ್ಲ.

ನಮ್ಮವರು ಎದ್ದು ಹೋಗಿ ತಮ್ಮ ಬೀಗ ತೆಗೆದು, ಲಿಫ್ಟು ಓಡಿಸಿ ನೋಡಿ, ಚೀಲ ಕಟ್ಟಿದರು. ಬಸ್ಸಿನಲ್ಲಿ ನನ್ನ ಪಕ್ಕ ಕೂತರು.

"ಅವಳಿಗೆ ಒಂದು ನಿಮಿಷ ಹಿಡೀಲಿಲ್ಲ" ಎಂದರು.

"ಯಾವುದಕ್ಕೆ?"

"ಎದ್ದು ನಿಲ್ಲೋಕೆ."

ಇಳಿಯಬೇಕಾದ ಸ್ಟಾಪು ಬಂತು, ಅವರು ಏಳಲಿಲ್ಲ. ಮರೆಗುಳಿಯ ಮನೆಯ ಕಡೆ ಹೋಗುವುದೂ ಅದೇ ಬಸ್ಸು. ನಾನೂ ಜೊತೆಗೆ ಕೂತೆ.

ಮರೆಗುಳಿಯ ಮನೆ ಕೆಳಮಹಡಿಯಲ್ಲಿ. ಬಾಗಿಲಿನ ಪಕ್ಕದಲ್ಲಿ ಊರುಗೋಲು. ಬಾಗಿಲು ತೆರೆದವಳು ಅವನ ಹೆಂಡತಿ. ನಮ್ಮವರನ್ನು ಕಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನು ಒಳಗೆ ಕೂತು ಹಳೆಯ ರೇಡಿಯೋ ಬಿಚ್ಚಿಕೊಂಡಿದ್ದ. ಕೂದಲು ಬೆಳ್ಳಗಾಗಿತ್ತು. "ಬಾ ಅಣ್ಣ" ಎಂದ, ನಿನ್ನೆ ಬಿಟ್ಟು ಹೋದವರನ್ನು ಕರೆಯುವ ಹಾಗೆ.

ನಮ್ಮವರು ಕೂರಲಿಲ್ಲ. ಚೀಲದ ತಳಕ್ಕೆ ಕೈ ಹಾಕಿ ಒಂದು ಬೀಗ ತೆಗೆದರು. ಬಣ್ಣ ಹೋದ ಹಳೆಯ ಬೀಗ, ಮೇಲೆ ಮರೆಗುಳಿಯ ಗುರುತು. ಅದು ಆ ಚೀಲದಲ್ಲಿ ಇಷ್ಟು ದಿನ ಇತ್ತೆಂದು ನನಗೂ ಗೊತ್ತಿರಲಿಲ್ಲ. ಕೊಂಡಿಯನ್ನು ಒತ್ತಿ ಮುಚ್ಚಿ ಅವನ ಮುಂದಿನ ಮೇಜಿನ ಮೇಲಿಟ್ಟರು.

"ಆವತ್ತು ನೀನು ಮರೆತಿರಲಿಲ್ಲ" ಎಂದರು. "ಹಾಕಬೇಕಾದ ಕಡೆ ಬೀಗ ಹಾಕಿದ್ದೆ. ತೆಗೆದೋನು ನಾನು. ಇಳಿದು ಬಂದು ನೋಡಬೇಕಿತ್ತು, ನೋಡ್ಲಿಲ್ಲ. ವಿಚಾರಣೇಲಿ ಚಾಳಿ ನಿಂದು ಅಂದಾಗ ಬಾಯಿ ಮುಚ್ಕೊಂಡು ಕೂತೆ. ತಪ್ಪು ನಿಂದಲ್ಲ, ನಂದು. ಹೇಳೋಕೆ ಬಂದೆ."

ಮರೆಗುಳಿ ರೇಡಿಯೋ ಬದಿಗಿಟ್ಟ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದ. "ಕೇಳಿಸ್ಕೊಂಡ್ಯಾ? ನಾನು ಮರೆತಿರಲಿಲ್ಲ" ಎಂದ. ಆಮೇಲೆ ನಮ್ಮವರಿಗೆ ಹೇಳಿದ: "ಇವಳೂ ನಂಬಿರಲಿಲ್ಲ ಅಣ್ಣ. ಯಾರೂ ನಂಬಿರಲಿಲ್ಲ. ಕಾಲು ಹೋಗಿದ್ದಕ್ಕೆ ನಾನು ಇಷ್ಟು ಸಂಕಟಪಡಲಿಲ್ಲ. ಬೀಗ ಹಾಕಿದ್ದ ಅಂತ ಒಬ್ಬರಾದ್ರೂ ಹೇಳ್ಲಿ ಅಂತ ಕಾದು ಕಾದು ಸಾಕಾಗಿತ್ತು. ಹೇಳಬೇಕಾದೋನು ನೀನೊಬ್ಬನೇ. ನೀನು ಬರಲಿಲ್ಲ."

"ಬರಲಿಲ್ಲ" ಎಂದರು ನಮ್ಮವರು.

ಅವನು ಸೊಂಟದಿಂದ ಕೀಲಿಗೊಂಚಲು ತೆಗೆದ. ಮನೆಯದು, ಪೆಟ್ಟಿಗೆಯದು, ಉಗ್ರಾಣದ್ದು, ಅವುಗಳ ನಡುವೆ ಒಂದು ಪುಟ್ಟ ಹಿತ್ತಾಳೆಯ ಕೀಲಿ. ಊರಿನ ಎಲ್ಲ ಬೀಗಗಳನ್ನೂ ಮರೆತವನು ಇದೊಂದರ ಕೀಲಿಯನ್ನು ಸೊಂಟದಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದ. ಬೀಗವನ್ನು ಎತ್ತಿಕೊಂಡು, ಕೀಲಿ ಹಾಕಿ ತಿರುಗಿಸಿದ. ಕೊಂಡಿ ಹಾರಿತು.

"ಹಾಕಿದೋನೇ ತೆಗೀಬೇಕು" ಎಂದ. "ತೆಗೆದೆ. ಇನ್ನು ಕೂತ್ಕೋ ಅಣ್ಣ. ಅತ್ತಿಗೆ, ನೀವೂ ಕೂತ್ಕೊಳ್ಳಿ. ಇವನು ಅಳೋದು ಮುಗಿಸೋವರೆಗೂ ಚಹಾ ಆಗುತ್ತೆ."

ನಮ್ಮವರು ಅಳುತ್ತಿದ್ದುದು ನಿಜ. ಅವರನ್ನು ನೋಡಿ ನನಗೆ ಅವತ್ತು ಎರಡನೆಯ ಬಾರಿ ಎದೆ ಉಬ್ಬಿತು. ಮಗಳಿಂದ ಕಲಿತರೂ ಕಲಿತದ್ದೇ ಅಲ್ಲವೇ?

ಭಾನುವಾರ ಚರ್ಚಿನಲ್ಲಿ ಹಳೆಯ ಗ್ರಂಥದಿಂದಲೇ ಓದಿದರು. ಅಪರಾಧಿ ಎಂಬ ಮಾತು ಬಂದಾಗ ಪಕ್ಕದಲ್ಲಿ ಕೂತಿದ್ದ ಮಗಳು ನನ್ನ ಕೈ ಹಿಡಿದುಕೊಂಡಳು. ನಮ್ಮವರು ಕೊನೆಯ ಬೆಂಚಿನಿಂದ ಎದ್ದು, ಅಂಗಿ ಸರಿಪಡಿಸಿಕೊಂಡು, ನಡುದಾರಿಯಲ್ಲಿ ನಡೆದು ಹೋಗಿ ಕೈ ಚಾಚಿದರು. ತಿರುಗಿ ಬರುವಾಗ ಮಗಳ ಎದುರು ಒಂದು ಕ್ಷಣ ನಿಂತರು. ರೊಟ್ಟಿಯ ಚೂರು ಇನ್ನೂ ಅವರ ಬಾಯಲ್ಲಿತ್ತು.

ಹೊಸ ಗ್ರಂಥ ಈಗ ಅಚ್ಚಾಗಿ ಬಂದಿದೆ. ಆ ವಚನವನ್ನು ಬೇರೊಬ್ಬರು ಬರೆದಿದ್ದಾರೆ. ಅವರು ದೋಷಿ ಎಂಬ ಮಾತು ಹಾಕಿದ್ದಾರೆ, ಒಳ್ಳೆಯ ಮಾತೇ, ನಾನೇನೂ ಅನ್ನುವುದಿಲ್ಲ. ಒಂದು ಪ್ರತಿಯನ್ನು ಅಂಗಡಿಯಲ್ಲಿ ಹೊಲಿಗೆ ಯಂತ್ರದ ಪಕ್ಕ ಇಟ್ಟುಕೊಂಡಿದ್ದೇನೆ. ಗಿರಾಕಿ ಬಂದರೆ ಆ ಪುಟ ತೆರೆದು ಬೆರಳಿಟ್ಟು ತೋರಿಸುತ್ತೇನೆ.

"ನೋಡಿ, ಇಲ್ಲಿ ನನ್ನ ಮಗಳ ಮಾತು ಇಲ್ಲ" ಎನ್ನುತ್ತೇನೆ.

ಅವರು ಅರ್ಥವಾಗದೆ ನನ್ನ ಮುಖ ನೋಡುತ್ತಾರೆ. ಆಗ ಕೈಯೆತ್ತಿ ನಿಲ್ಲಲು ಹೇಳಿ, ಅಳತೆ ತೆಗೆದುಕೊಳ್ಳುತ್ತಾ ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ.